ದಾಯದಲ್ಲಿ ಸಮಾಜದ ಪಾಲು

1937ನೆಯ ಇಸವಿಯಲ್ಲಿ ಬ್ರಿಟಿಷ್ ಇಂಡಿಯಾದ ಹಲವು ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರವನ್ನು ವಹಿಸಿಕೊಂಡಾಗ ಅವುಗಳಿಗೆ ಎದುರಾದ ಧರ್ಮಸಂಕಟಗಳಲ್ಲಿ ಒಂದು, ಮಕ್ಕಳ ಶಿಕ್ಷಣಕ್ಕೆ ಹಣವನ್ನು ಎಲ್ಲಿಂದ ತರಬೇಕೆಂಬುದಾಗಿತ್ತು. ಶಿಕ್ಷಣವು ಅಬಕಾರಿಯ ಆದಾಯವನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದುದರಿಂದ, ಪಾನನಿರೋಧವನ್ನು ಜಾರಿಗೆ ತಂದರೆ ಪಾಠಶಾಲೆಗಳು ಸೊರಗುವುವು. ಪಾಠಶಾಲೆಗಳನ್ನು ನಡೆಸಬೇಕೆಂದರೆ ಬಡವನ ಕುಡಿತವನ್ನು ಸರ್ಕಾರವೇ ಪೋಷಿಸಬೇಕಾಗುವುದು. ಆ ವರ್ಷದ ಜುಲೈ ತಿಂಗಳಲ್ಲಿ 'ಹರಿಜನ' ಪತ್ರಿಕೆಯಲ್ಲಿ ಈ ವಿಷಯವನ್ನು ಕುರಿತು ಬರೆದ ಮಹಾತ್ಮ ಗಾಂಧಿಯವರು, ಈ ದೇಶದಲ್ಲಿ ಐಶ್ವರ್ಯದ ಮೇಲೆ ಬಿದ್ದಿರುವ ತೆರಿಗೆ ಇನ್ನೂ ಸಾಲದೆಂದೂ, ಒಂದು ಮೇರೆಯನ್ನು ದಾಟಿದ ಸಂಪತ್ತಿನ ಮೇಲೆ ವಿಧಿಸುವ ತೆರಿಗೆಗೆ ಇಷ್ಟೇ ಎಂಬ ಮಿತಿ ಇರಬೇಕಾದ್ದಿಲ್ಲವೆಂದೂ ಹೇಳಿ, ಮೃತರ ಆಸ್ತಿಯ ಮೇಲೆ ಸುಂಕವನ್ನೇಕೆ ಹಾಕಬಾರದೆಂದು ಕೇಳಿದರು. ವಯಸ್ಸಿಗೆ ಬಂದ ಮಕ್ಕಳಿಗೆ ತಂದೆಯ ಕೋಟಿಗಳು ಅನಾಯಾಸವಾಗಿ ದೊರೆಯುವುದರಿಂದ ದೇಶಕ್ಕೆ ಆಗುವ ನಷ್ಟವು ಇಬ್ಬಗೆಯದೆಂಬುದು ಅವರ ವಾದ: ದೇಶಕ್ಕೆ ಸಲ್ಲಬೇಕಾದ ದ್ರವ್ಯವು ಸಲ್ಲದೆ ಹೋಗುವುದು ಒಂದು, ಆ ದ್ರವ್ಯದ ಭಾರದ ಕೆಳಗೆ ಮಕ್ಕಳ ಶಕ್ತಿಸಾಮರ್ಥ್ಯಗಳು ಕುಗ್ಗಿಹೋಗುವುದು ಇನ್ನೊಂದು.

ಎಂಟು ದಶಕಗಳಿಗೂ ಮೀರಿ ಕಾಲ ಸಂದಿರುವ ಈ ಹೊತ್ತಿನಲ್ಲಿ ನಮ್ಮ ಕರ್ನಾಟಕದ ಆಯವ್ಯಯವನ್ನು ತೆರೆದು ನೋಡಿದವರಿಗೆ ಅದೇ ಧರ್ಮಸಂಕಟವು ರೂಪಾಂತರವಿಲ್ಲದೆ ಅಲ್ಲಿಯೇ ಕುಳಿತಿರುವುದು ಕಾಣುವುದು. ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬರುವ ವಾರ್ಷಿಕ ಆದಾಯವು 30,000 ಕೋಟಿ ರೂಪಾಯಿಗಳನ್ನು ದಾಟಿದೆ. ವರ್ಷವರ್ಷವೂ ಆ ಗುರಿಯನ್ನು ಏರಿಸಲಾಗುತ್ತಿದೆ. ಅದರ ದೊಡ್ಡ ಪಾಲು ಕೂಲಿಕಾರರ, ಗಾರೆ ಕೆಲಸದವರ, ಹಮಾಲರ ದಿನಗೂಲಿಯಿಂದ ಹೋಗತಕ್ಕದ್ದೆಂಬುದನ್ನು ಅರಿಯದವರಿಲ್ಲ. ಆದರೆ ಸಾವಿರ ಕೋಟಿ ರೂಪಾಯಿ ಬೆಲೆಬಾಳುವ ಷೇರುಗಳನ್ನೂ ಕಟ್ಟಡಗಳನ್ನೂ ತಂದೆಯ ಮರಣಾನಂತರ ಪಡೆಯುವ ಮಗನು, ಹಾಗೆ ಪಡೆದದ್ದಕ್ಕಾಗಿ ಈ ದೇಶದ ಬೊಕ್ಕಸಕ್ಕೆ ಒಂದು ರೂಪಾಯಿಯನ್ನೂ ತೆರಬೇಕಾದ್ದಿಲ್ಲ. ಅವನು ಕಾನೂನನ್ನು ವಂಚಿಸಿ ಹೀಗೆ ಮಾಡುತ್ತಿರುವನೆಂದು ಯಾರೂ ದೂರುವಂತಿಲ್ಲ, ಕಾನೂನೇ ಹಾಗಿದೆ.

ಆದಕಾರಣ ಹೇಳಬೇಕಾದ ಮಾತನ್ನು ಮೊದಲಿಗೇ ಸ್ಪಷ್ಟವಾಗಿ ಹೇಳುವುದು ಯುಕ್ತ. ಅತಿ ಶ್ರೀಮಂತರ ಮೇಲಿನ ತೆರಿಗೆಯನ್ನು ಈ ದೇಶವು ಹೆಚ್ಚಿಸಲೇಬೇಕು. ಹೆಚ್ಚಿಸುವಾಗ ದುಡಿಮೆಯಿಂದ ಬಂದ ಆದಾಯಕ್ಕಿಂತ ಮೊದಲು ಕೈಹಾಕಬೇಕಾದದ್ದು, ದುಡಿಮೆಯೇ ಇಲ್ಲದೆ ಜನ್ಮಮಾತ್ರದಿಂದ ಬಂದ ಮಹಾಸಂಪತ್ತಿಗೆ. 1985ರಲ್ಲಿ ನಾವು ಕೈಬಿಟ್ಟ ಉತ್ತರಾಧಿಕಾರದ ತೆರಿಗೆಯನ್ನು, ಹಿಂದಿನ ದೋಷಗಳನ್ನು ತಿದ್ದಿ, ಮತ್ತೆ ಸ್ಥಾಪಿಸುವುದು ನ್ಯಾಯವೂ ಹೌದು, ಸಾಧ್ಯವೂ ಹೌದು.

ಈ ತೆರಿಗೆ ನಮಗೆ ಹೊಸತಲ್ಲ. ಸಂಪತ್ತೂ ಉತ್ಪಾದನಸಾಧನಗಳೂ ಸರ್ವರ ಅಹಿತಕ್ಕೆ ಕಾರಣವಾಗುವಂತೆ ಕೆಲವರ ಕೈಯಲ್ಲೇ ಕೇಂದ್ರೀಕೃತವಾಗದಂತೆ ನೋಡಿಕೊಳ್ಳತಕ್ಕದ್ದೆಂದು ಸಂವಿಧಾನದ 39ನೆಯ ಅನುಚ್ಛೇದವು ರಾಜ್ಯಕ್ಕೆ ನಿರ್ದೇಶ ಕೊಟ್ಟ ನಾಲ್ಕು ವರ್ಷಗಳೊಳಗಾಗಿಯೇ, ಚಿಂತಾಮಣ ದೇಶಮುಖರು ಅರ್ಥಮಂತ್ರಿಗಳಾಗಿದ್ದಾಗ, 1953ರ ಎಸ್ಟೇಟ್ ಸುಂಕದ ಅಧಿನಿಯಮವು ಜಾರಿಗೆ ಬಂದಿತು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞರಾದ ನಿಕೊಲಸ್ ಕಾಲ್ಡೋರ್ ಅವರು ಭಾರತದ ತೆರಿಗೆ ಸುಧಾರಣೆಯನ್ನು ಕುರಿತು 1956ರಲ್ಲಿ ಒಪ್ಪಿಸಿದ ವರದಿಯ ಫಲವಾಗಿ ಮುಂದಿನ ವರ್ಷ ಸಂಪತ್ತು ತೆರಿಗೆಯೂ ವೆಚ್ಚ ತೆರಿಗೆಯೂ, 1958ರಲ್ಲಿ ಉಡುಗೊರೆ ತೆರಿಗೆಯೂ ಬಂದವು. ಈ ನಾಲ್ಕೂ ತೆರಿಗೆಗಳು ಒಂದಕ್ಕೊಂದು ಆಸರೆಯಾಗಿ ನಿಂತು, ಒಂದರಿಂದ ನುಣುಚಿಕೊಂಡವನು ಇನ್ನೊಂದರಲ್ಲಿ ಸಿಕ್ಕಿಬೀಳುವಂತಾಗಬೇಕೆಂಬುದು ಆ ಯೋಜನೆಯ ಆಶಯ. ಆಶಯವು ಘನವಾದದ್ದಾದರೂ ಆಚರಣೆಯು ಅದಕ್ಕೆ ತಕ್ಕುದಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಎಸ್ಟೇಟ್ ಸುಂಕದ ಅತ್ಯುಚ್ಚ ದರವು ಕಾಲಾಂತರದಲ್ಲಿ ಶೇಕಡ 85ನ್ನು ಮುಟ್ಟಿತು. ಆದಾಯ ತೆರಿಗೆಯ ಅತ್ಯುಚ್ಚ ದರವು ಎಪ್ಪತ್ತರ ದಶಕದ ಆರಂಭದಲ್ಲಿ ಸರ್ಚಾರ್ಜ್ ಸೇರಿ ಶೇಕಡ 97.75ಕ್ಕೆ ಏರಿತು. ನೂರರಲ್ಲಿ ತೊಂಬತ್ತೇಳನ್ನು ಕೇಳುವ ರಾಜ್ಯಕ್ಕೆ ಪ್ರಾಮಾಣಿಕನು ಕೊಟ್ಟು ಬಡವಾಗುವನು. ಚತುರನು ಬಚ್ಚಿಟ್ಟು ಉಳಿದುಕೊಳ್ಳುವನು. ದರವು ಅತಿಯಾದಷ್ಟೂ ವಸೂಲಿಯು ಕೃಶವಾಯಿತು.

1985ರ ಮಾರ್ಚ್ ತಿಂಗಳಲ್ಲಿ ಅರ್ಥಮಂತ್ರಿಗಳಾಗಿದ್ದ ವಿಶ್ವನಾಥ ಪ್ರತಾಪ ಸಿಂಗ್ ಅವರು ಎಸ್ಟೇಟ್ ಸುಂಕವನ್ನು ರದ್ದುಗೊಳಿಸುವಾಗ ಕೊಟ್ಟ ಕಾರಣಗಳು ಇವು: ವರ್ಷಕ್ಕೆ ಅದರಿಂದ ಬರುವ ಹಣ ಕೇವಲ 20 ಕೋಟಿ ರೂಪಾಯಿಗಳಷ್ಟು, ವಸೂಲಿಯ ಖರ್ಚು ಹೆಚ್ಚು, ಒಂದೇ ಆಸ್ತಿಗೆ ಸಂಪತ್ತು ತೆರಿಗೆ ಒಂದು ಕಡೆಯಿಂದಲೂ ಎಸ್ಟೇಟ್ ಸುಂಕ ಇನ್ನೊಂದು ಕಡೆಯಿಂದಲೂ ತಗುಲಿ ಜನರಿಗೆ ಕಿರುಕುಳವಾಗುತ್ತಿದೆ. ಆ ಕಾಲಕ್ಕೆ ಈ ಕಾರಣಗಳಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಆದರೆ ಒಂದೇ ಆಸ್ತಿಗೆ ಎರಡು ತೆರಿಗೆಗಳಿವೆಯೆಂಬ ಕಾರಣಕ್ಕೆ ಒಂದನ್ನು ತೆಗೆದ ಈ ದೇಶವು, ಮೂವತ್ತು ವರ್ಷಗಳ ತರುವಾಯ ಎರಡನೆಯದನ್ನೂ ತೆಗೆದುಹಾಕಿತು. ತೊಂಬತ್ತರ ದಶಕದ ಆದಿಯಲ್ಲಿ ತೆರಿಗೆ ಸುಧಾರಣೆಯನ್ನು ಕುರಿತ ಚೆಲ್ಲಯ್ಯ ಸಮಿತಿಯ ಸಲಹೆಯಂತೆ ಷೇರು ಮೊದಲಾದ ಹಣಕಾಸಿನ ಆಸ್ತಿಗಳನ್ನು ಸಂಪತ್ತು ತೆರಿಗೆಯ ವ್ಯಾಪ್ತಿಯಿಂದ ಹೊರಗಿಟ್ಟುದರಿಂದ, ಶ್ರೀಮಂತಿಕೆಯ ಮುಖ್ಯ ಭಂಡಾರವೇ ಆ ತೆರಿಗೆಯ ಕೈಗೆ ಸಿಕ್ಕದೆಹೋಯಿತು. 2013-14ರಲ್ಲಿ ಅದರ ವಸೂಲಿ 1,008 ಕೋಟಿ ರೂಪಾಯಿಗಳಿಗೆ ನಿಂತಿತು. 2015ರಲ್ಲಿ ಅರ್ಥಮಂತ್ರಿ ಅರುಣ್ ಜೇಟ್ಲಿಯವರು ಅದನ್ನು ರದ್ದುಮಾಡಿ, ಒಂದು ಕೋಟಿಗೆ ಮೀರಿದ ಆದಾಯವುಳ್ಳವರ ಮೇಲೆ ಶೇಕಡ ಎರಡರ ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ಸಾರವನ್ನು ಮೊದಲೇ ತೆಗೆದಿರಿಸಿ, ಉಳಿದುದರಲ್ಲಿ ಸಾರವಿಲ್ಲವೆಂದು ಬಿಸುಟಂತಾಯಿತು.

ಈ ಬದಲಾವಣೆಯಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ಕೇಂದ್ರವು ಎತ್ತುವ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲು ಸಲ್ಲುವುದಾದರೂ ಸರ್ಚಾರ್ಜ್‌ಗಳಲ್ಲಿಯೂ ಸೆಸ್ಸುಗಳಲ್ಲಿಯೂ ಆ ಪಾಲಿಲ್ಲ. ಎಸ್ಟೇಟ್ ಸುಂಕವಿದ್ದಾಗ ಅದರ ನಿವ್ವಳ ಆದಾಯವು ಸಂವಿಧಾನದ ಅಂದಿನ ವಿಧಿಯಂತೆ ರಾಜ್ಯಗಳಿಗೇ ಸೇರತಕ್ಕದ್ದಾಗಿತ್ತು. ಅಂದರೆ ಶ್ರೀಮಂತರ ಆಸ್ತಿಯ ಮೇಲಿನ ತೆರಿಗೆಯನ್ನು ಬಿಟ್ಟು ಸರ್ಚಾರ್ಜ್‌ಗಳನ್ನು ನೆಚ್ಚಿಕೊಂಡಾಗ, ಪ್ರಾಥಮಿಕ ಶಾಲೆ ಮತ್ತು ಆಸ್ಪತ್ರೆಗಳ ಹೊಣೆಯನ್ನು ಹೊತ್ತ ರಾಜ್ಯಗಳ ಪಾಲೂ ಅದರೊಡನೆ ಕಳೆದುಹೋಯಿತು. ಹದಿನೈದನೆಯ ಹಣಕಾಸು ಆಯೋಗವು ಕರ್ನಾಟಕದ ಪಾಲನ್ನು ಶೇಕಡ 4.713ರಿಂದ 3.647ಕ್ಕೆ ಇಳಿಸಿದಾಗ ನಾವು ನ್ಯಾಯವಾಗಿಯೇ ಕೂಗಿಕೊಂಡೆವು. ಹಂಚಿಕೆಗೆ ಬರಬೇಕಾದ ರಾಶಿಯೇ ಕಿರಿದಾಗುತ್ತಿರುವುದನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ.

ಇಂದಿನ ಸ್ಥಿತಿಯನ್ನು ಮೂರು ಅಂಕಿಗಳಲ್ಲಿ ಹೇಳಿಬಿಡಬಹುದು. ರಾತ್ರಿ ಹಗಲೆನ್ನದೆ ದುಡಿದು ವರ್ಷಕ್ಕೆ ಮೂವತ್ತು ಲಕ್ಷ ಸಂಪಾದಿಸುವ ಇಂಜಿನಿಯರನು ತನ್ನ ಆದಾಯದ ಮೇಲ್ತುದಿಗೆ ತೆರುವ ದರ ಶೇಕಡ 30. ಷೇರುಗಳನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದವನು ಅದರ ಲಾಭಕ್ಕೆ ತೆರುವ ದರ, ಸರ್ಚಾರ್ಜ್ ಸೆಸ್ಸುಗಳನ್ನು ಬಿಟ್ಟರೆ, ಶೇಕಡ 12.5. ಆ ಷೇರುಗಳನ್ನು ಮಾರದೆಯೇ ಉಳಿಸಿಕೊಂಡು ಮಗನಿಗೆ ಬಿಟ್ಟುಹೋದರೆ ದರ ಸೊನ್ನೆ. ದುಡಿಮೆಯು ಕಡಿಮೆಯಾದಂತೆಲ್ಲ ತೆರಿಗೆಯೂ ಕಡಿಮೆಯಾಗುತ್ತ ಹೋಗುವ ಈ ಕ್ರಮವನ್ನು ಯಾವ ನೀತಿಶಾಸ್ತ್ರವು ಸಮರ್ಥಿಸೀತು? ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳು ತನ್ನ ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗ ತೆರುವ ಜಿಎಸ್‌ಟಿ ಶೇಕಡ 18. ಕೋಟ್ಯಧೀಶನು ತೆರುವುದೂ ಅಷ್ಟೇ. ಇತ್ತ ಭಾರತದ ಅಸಮಾನತೆಯನ್ನು ಕುರಿತು ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿಯೂ ಅವರ ಸಹೋದ್ಯೋಗಿಗಳೂ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಶದ ಸಂಪತ್ತಿನಲ್ಲಿ ಶೇಕಡ 40ರಷ್ಟು ಜನಸಂಖ್ಯೆಯ ಮೇಲಿನ ಶೇಕಡ ಒಂದು ಮಂದಿಯ ಕೈಯಲ್ಲಿದೆ. ಸರ್ಕಾರದ ಶಾಲೆಯಲ್ಲಿ ಮೇಷ್ಟರಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿಲ್ಲ ಎಂಬ ದೂರನ್ನೂ ಈ ಅಂಕಿಯನ್ನೂ ಜೊತೆಜೊತೆಯಾಗಿ ಇಟ್ಟು ನೋಡುವ ಧೈರ್ಯ ನಮಗೆ ಬೇಕು.

ನನ್ನ ಸಂಪತ್ತು ನನ್ನ ಪರಿಶ್ರಮದ ಫಲ, ಅದರಲ್ಲಿ ಸಮಾಜಕ್ಕೇನು ಹಕ್ಕು ಎಂದು ಕೇಳುವವರು ಬೆಂಗಳೂರಿನ ನೆಲದ ಚರಿತ್ರೆಯನ್ನು ಓದಬೇಕು. ಇಂದು ಚದರಡಿಯ ಲೆಕ್ಕದಲ್ಲಿ ಹತ್ತಾರು ಸಾವಿರಗಳಿಗೆ ಮಾರಾಟವಾಗುವ ಈ ನೆಲವು ಅಷ್ಟು ಬೆಲೆಬಾಳುವುದಕ್ಕೆ ಅದರ ಒಡೆಯನು ಮಾಡಿದ್ದೇನು? ಶಿವನಸಮುದ್ರದಿಂದ 1905ರಲ್ಲಿ ಈ ಊರಿಗೆ ವಿದ್ಯುತ್ತನ್ನು ತಂದದ್ದು ಮೈಸೂರು ಸಂಸ್ಥಾನ. ವಿಜ್ಞಾನ ಮಂದಿರಕ್ಕೆ ಭೂಮಿಯನ್ನು ಕೊಟ್ಟದ್ದೂ ಅದೇ. ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್ ಮೊದಲಾದುವುಗಳಿಂದ ಕುಶಲ ಕಾರ್ಮಿಕರ ಒಂದು ಮಹಾಸಮುದಾಯವನ್ನು ಬೆಳಸಿದ್ದು ಸಾರ್ವಜನಿಕ ದ್ರವ್ಯ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಕಾವೇರಿಯನ್ನು ಏರಿಸಿ ತಂದದ್ದೂ, ವರ್ತುಲ ರಸ್ತೆಯನ್ನು ಕಟ್ಟಿದ್ದೂ, ಮೆಟ್ರೋ ರೈಲನ್ನು ಓಡಿಸಿದ್ದೂ ಜನರ ಹಣವೇ. ದೇವನಹಳ್ಳಿಯ ಸುತ್ತಿನ ರಾಗಿ ಹೊಲವೂ ದ್ರಾಕ್ಷಿ ತೋಟವೂ 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಬಳಿಕ ಬಂಗಾರವಾದುದು ಯಾವ ಭೂಮಾಲಿಕನ ಬೆವರಿನಿಂದಲೂ ಅಲ್ಲ. ಉದ್ಯಮದ ಸಂಪತ್ತಿಗೂ ಈ ಮಾತು ಸಲ್ಲುವುದು: ಅದನ್ನು ಸ್ಥಾಪಿಸಿದವನ ಸಾಹಸವು ನಿಜವಾದದ್ದು, ಗೌರವಾರ್ಹವಾದದ್ದು, ಆದರೆ ಸರ್ಕಾರದ ಕಾಲೇಜಿನಲ್ಲಿ ಓದಿದ ನೌಕರರಿಲ್ಲದೆ, ಕರಾರುಗಳನ್ನು ಕಾಪಾಡುವ ನ್ಯಾಯಾಲಯಗಳಿಲ್ಲದೆ, ಕೊಳ್ಳುವ ಕೋಟ್ಯಂತರ ಜನರಿಲ್ಲದೆ ಆ ಸಾಹಸವು ಫಲಿಸುತ್ತಿರಲಿಲ್ಲ. ಸಾಹಸಿಯು ಜೀವಂತನಿರುವವರೆಗೆ ಅವನ ಸಾಹಸಕ್ಕೆ ಹೆಚ್ಚಿನ ಪಾಲು ಸಲ್ಲಲಿ. ಅವನು ತೀರಿಕೊಂಡ ಮೇಲೆ ಆ ಸಂಪತ್ತು ಕೈಬದಲಾಯಿಸುವ ಹೊತ್ತಿನಲ್ಲಿ, ಅದರ ನಿರ್ಮಾಣದಲ್ಲಿ ಕೈಜೋಡಿಸಿದ ಸಮಾಜವು ಒಂದು ಮಿತವಾದ ಪಾಲನ್ನು ಕೇಳಿದರೆ ಅದು ಕಸಿದುಕೊಂಡಂತೆ ಹೇಗಾದೀತು?

ಇಂತಹ ನ್ಯಾಯವನ್ನು ಕನ್ನಡ ನಾಡು ಒಮ್ಮೆ ಆಚರಿಸಿ ತೋರಿಸಿದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದು, ಉಳುವವನೇ ಹೊಲದೊಡೆಯನೆಂಬ ಘೋಷವು ಹಳ್ಳಿಹಳ್ಳಿಗೆ ಹಬ್ಬಿ, ಕಡೆಗೆ ದೇವರಾಜ ಅರಸು ಅವರ ಸರ್ಕಾರದಲ್ಲಿ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದಾಗ, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲವೂ ಸರ್ಕಾರದಲ್ಲಿ ನಿಹಿತವಾಯಿತು. ಒಂದು ಕುಟುಂಬವು ಇಷ್ಟಕ್ಕಿಂತ ಹೆಚ್ಚು ಜಮೀನನ್ನು ಹೊಂದಕೂಡದೆಂಬ ಮಿತಿಯೂ ಬಂದಿತು. ಲಕ್ಷಾಂತರ ಗೇಣಿದಾರರು ಒಡೆಯರಾದರು. ಭೂಮಿಯನ್ನು ಕಳೆದುಕೊಂಡ ಮನೆತನಗಳಲ್ಲಿ ಎಲ್ಲರೂ ಸಿರಿವಂತರಾಗಿರಲಿಲ್ಲ. ಸಣ್ಣ ಹಿಡುವಳಿಯ ವಿಧವೆಯರೂ ಇದ್ದರು. ಅವರಿಗೆ ದೊರೆತ ಪರಿಹಾರವು ಅಲ್ಪ. ಆದರೂ ಸಮಾಜದ ದೊಡ್ಡ ಹಿತಕ್ಕಾಗಿ ನಾಡು ಆ ನಷ್ಟವನ್ನು ವಿಧಿಸಿತು, ಅವರು ಸಹಿಸಿಕೊಂಡರು. ಐವತ್ತು ಎಕರೆ ನೆಲದ ಒಡೆತನಕ್ಕೆ ಮಿತಿಯನ್ನು ಹಾಕಲು ಹಿಂಜರಿಯದ ನಾವು ಐವತ್ತು ಸಾವಿರ ಕೋಟಿಯ ಷೇರುಗಳ ಒಡೆತನಕ್ಕೆ ಮಿತಿಯಲ್ಲ, ಒಂದು ತೆರಿಗೆಯನ್ನು ಹಾಕುವುದಕ್ಕೂ ಅಂಜುವುದೇಕೆ? ನೆಲದ ಸಂಪತ್ತಿಗೊಂದು ಧರ್ಮ, ಕಾಗದದ ಸಂಪತ್ತಿಗೊಂದು ಧರ್ಮ ಎಂಬ ಭೇದಕ್ಕೆ ಆಧಾರವಿಲ್ಲ.

ತೆರಿಗೆಯೇಕೆ, ದಾನವು ಸಾಲದೆ ಎಂದು ಕೇಳುವ ಸಜ್ಜನರುಂಟು. ನಮ್ಮ ನಾಡಿನ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಾರಕ್ಕೆ ಎರಡು ದಿನ ಸರ್ಕಾರವು ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಗಳಿಗೆ ವಿಸ್ತರಿಸುವುದಕ್ಕಾಗಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2024ರಲ್ಲಿ, ಮೂರು ವರ್ಷಗಳ ಅವಧಿಗೆ, ಸುಮಾರು 1,500 ಕೋಟಿ ರೂಪಾಯಿಗಳ ನೆರವನ್ನು ನೀಡಲು ಮುಂದೆ ಬಂದಿತು. ತನ್ನ ಸಂಪತ್ತಿನ ಬಹುಭಾಗವನ್ನು ಸಾರ್ವಜನಿಕ ಕಾರ್ಯಕ್ಕೆ ಬಿಟ್ಟುಕೊಟ್ಟ ಉದ್ಯಮಿಯೊಬ್ಬರು ನಮ್ಮ ನಡುವೆ ಇರುವುದು ನಾಡಿನ ಭಾಗ್ಯ. ಅವರಿಗೆ ಕೃತಜ್ಞತೆಯನ್ನು ಸಲ್ಲಿಸಲು ಹಿಂದೆಗೆಯಬಾರದು. ಆದರೆ ಯಾದಗಿರಿಯ ಮಗುವಿನ ತಟ್ಟೆಯಲ್ಲಿನ ಮೊಟ್ಟೆಯು ಒಬ್ಬ ಮಹಾನುಭಾವರ ಔದಾರ್ಯವನ್ನು ಅವಲಂಬಿಸಿರುವುದು ರಾಜ್ಯಕ್ಕೆ ಶೋಭೆಯಲ್ಲ. ದಾನವು ದಾತೃವಿನ ಇಚ್ಛೆಗೆ ಅಧೀನ. ಅವನು ಇಂದು ಕೊಟ್ಟಾನು, ನಾಳೆ ಕೊಡದಿರಬಹುದು. ಅವನಂತೆ ಕೊಡದ ನೂರು ಮಂದಿಯನ್ನು ಕೇಳುವವರಿಲ್ಲ. ತೆರಿಗೆಯು ಕೊಡುವವನ ಸ್ವಭಾವವನ್ನು ನೋಡದೆ ಶಕ್ತಿಯನ್ನಷ್ಟೇ ನೋಡುವುದು. ಪಡೆಯುವ ಮಗುವು ಅದನ್ನು ಭಿಕ್ಷೆಯಾಗಿ ಅಲ್ಲ, ಹಕ್ಕಾಗಿ ಪಡೆಯುವುದು.

ಇನ್ನು ಆಕ್ಷೇಪಗಳನ್ನು ಪರಿಶೀಲಿಸೋಣ. ಒಮ್ಮೆ ಆದಾಯ ತೆರಿಗೆ ತೆತ್ತು ಉಳಿಸಿದ ಹಣಕ್ಕೆ ಮತ್ತೊಮ್ಮೆ ತೆರಿಗೆಯೇ ಎಂಬುದು ಮೊದಲನೆಯದು. ಮಹಾಸಂಪತ್ತಿನ ಬಹುಪಾಲು ಹೀಗೆ ತೆರಿಗೆ ತೆತ್ತು ಉಳಿಸಿದ ಹಣವೇ ಅಲ್ಲ. ಸ್ಥಾಪಕರ ಷೇರುಗಳೂ ನಗರದ ನಿವೇಶನಗಳೂ ತಮ್ಮಷ್ಟಕ್ಕೆ ಬೆಲೆಯೇರಿದುದರಿಂದ ಬಂದದ್ದು. ಮಾರುವವರೆಗೆ ಆ ಏರಿಕೆಗೆ ತೆರಿಗೆಯಿಲ್ಲ. ಮೃತನಿಂದ ವಾರಸುದಾರನಿಗೆ ಹೋಗುವುದನ್ನು ಕಾನೂನು ಮಾರಾಟವೆಂದು ಎಣಿಸುವುದಿಲ್ಲ. ತಲೆಮಾರುಗಳ ಕಾಲ ಮಾರದಿದ್ದರೆ ತಲೆಮಾರುಗಳ ಕಾಲ ತೆರಿಗೆಯಿಲ್ಲ. ಅಲ್ಲದೆ, ಪಡೆಯುವವನಿಗೆ ಅದು ಮೊದಲ ಆದಾಯವೇ. ಕೂಲಿಯವನು ಪಡೆದ ಕೂಲಿಯಿಂದ ಸಾಬೂನನ್ನು ಕೊಂಡಾಗ ತೆರಿಗೆ ಬೀಳುವುದು ತಪ್ಪಲ್ಲವಾದರೆ ಇದು ತಪ್ಪು ಹೇಗೆ?

ವಸೂಲಿಯೇ ಅಸಾಧ್ಯವೆಂಬುದು ಎರಡನೆಯದು. 1985ರಲ್ಲಿ ಷೇರುಗಳು ಕಾಗದದ ಪತ್ರಗಳಾಗಿ ಕಬ್ಬಿಣದ ಪೆಟ್ಟಿಗೆಗಳಲ್ಲಿದ್ದವು. ಇಂದು ಪಟ್ಟಿಯಲ್ಲಿರುವ ಕಂಪನಿಗಳ ಷೇರುಗಳು ಬಹುತೇಕ ಡಿಮ್ಯಾಟ್ ಖಾತೆಗಳಲ್ಲಿದ್ದು, ಒಡೆಯನ ಪ್ಯಾನ್ ಸಂಖ್ಯೆಯೊಡನೆ ಬೆಸೆದಿವೆ. ಅವುಗಳ ಬೆಲೆ ದಿನದಿನವೂ ಪೇಟೆಯಲ್ಲಿ ಪ್ರಕಟವಾಗುವುದು. ಕರ್ನಾಟಕವು ಪಹಣಿಗಳನ್ನು 'ಭೂಮಿ' ಯೋಜನೆಯಲ್ಲಿಯೂ ನೋಂದಣಿಯನ್ನು 'ಕಾವೇರಿ'ಯಲ್ಲಿಯೂ ಗಣಕಕ್ಕೆ ಇಳಿಸಿ ವರ್ಷಗಳೇ ಸಂದಿವೆ. ಸಂಬಳದಾರನ ಪ್ರತಿ ರೂಪಾಯಿಯನ್ನೂ ಕಾಣಬಲ್ಲ ಇಲಾಖೆಗೆ ಸಾವಿರ ಕೋಟಿಯ ಒಡೆಯನ ಆಸ್ತಿಯು ಕಾಣದೆನ್ನುವುದು ನಂಬತಕ್ಕ ಮಾತಲ್ಲ.

ಉದ್ಯಮಗಳು ಒಡೆದುಹೋಗುವುವು, ಶ್ರೀಮಂತರು ದೇಶವನ್ನು ಬಿಟ್ಟು ಓಡುವರು ಎಂಬುದು ಮೂರನೆಯದು. ಇಂತಹ ತೆರಿಗೆಯ ಅತ್ಯುಚ್ಚ ದರವು ಜಪಾನಿನಲ್ಲಿ ಶೇಕಡ 55, ದಕ್ಷಿಣ ಕೊರಿಯದಲ್ಲಿ 50, ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ 40. ಇವು ಬಂಡವಾಳಶಾಹಿಯ ವೈರಿಗಳಾದ ದೇಶಗಳಲ್ಲ. ಸ್ಯಾಮ್‌ಸಂಗ್ ಸಂಸ್ಥೆಯ ಲೀ ಕುನ್-ಹೀ ಅವರು 2020ರಲ್ಲಿ ತೀರಿಕೊಂಡಾಗ ಅವರ ಕುಟುಂಬವು 12 ಲಕ್ಷ ಕೋಟಿ ವಾನ್‌ಗೂ ಮಿಕ್ಕ ತೆರಿಗೆಯನ್ನು ಐದು ವರ್ಷಗಳ ಕಂತುಗಳಲ್ಲಿ ತೆರುವುದಾಗಿ ಘೋಷಿಸಿತು, ಸ್ಯಾಮ್‌ಸಂಗ್ ಮುಳುಗಲಿಲ್ಲ. ಸ್ವೀಡನ್ನೂ ನಾರ್ವೆಯೂ ಉತ್ತರಾಧಿಕಾರದ ತೆರಿಗೆಯನ್ನು ಕೈಬಿಟ್ಟಿರುವುದು ನಿಜ. ಆದರೆ ನಾರ್ವೆಯಲ್ಲಿ ಸಂಪತ್ತಿನ ಮೇಲೆ ವಾರ್ಷಿಕ ತೆರಿಗೆ ಇಂದಿಗೂ ಉಂಟು, ಮತ್ತು ಆ ದೇಶಗಳ ಬಡವನಿಗೆ ದೊರೆಯುವ ಶಾಲೆಯೂ ಆಸ್ಪತ್ರೆಯೂ ನಮ್ಮ ಬಡವನಿಗೆ ದೊರೆಯುತ್ತಿಲ್ಲ. ಒಡೆಯನು ವಿಮಾನವೇರಿ ಹೋಗಬಹುದು. ಅವನ ನೆಲವೂ ಕಾರ್ಖಾನೆಯೂ ಕಂಪನಿಯೂ ಇಲ್ಲಿಯೇ ಉಳಿಯುವುವು, ತೆರಿಗೆಯು ಅವಕ್ಕೆ ಅಂಟಿಕೊಂಡಿರುವಂತೆ ಕಾನೂನನ್ನು ರಚಿಸಬಹುದು. 2024ರಲ್ಲಿ ಬ್ರೆಜಿಲ್ಲಿನ ಅಧ್ಯಕ್ಷತೆಯಲ್ಲಿ ಸೇರಿದ ಜಿ20 ರಾಷ್ಟ್ರಗಳು ಅತಿ ಶ್ರೀಮಂತರಿಂದ ನ್ಯಾಯವಾದ ತೆರಿಗೆಯನ್ನು ಪಡೆಯಲು ಪರಸ್ಪರ ಸಹಕರಿಸುವ ಮಾತನ್ನಾಡಿವೆ. ಭಾರತವೂ ಅದರಲ್ಲಿ ಒಂದು.

ಹಾಗಾದರೆ ಹೊಸ ಕಾನೂನು ಹೇಗಿರಬೇಕು? ಮೊದಲನೆಯದಾಗಿ, ವಿನಾಯಿತಿಯ ಮೇರೆ ಎತ್ತರವಾಗಿರಬೇಕು. 20 ಕೋಟಿ ರೂಪಾಯಿಗಳವರೆಗಿನ ಆಸ್ತಿಯನ್ನು ಈ ತೆರಿಗೆಯು ಮುಟ್ಟದಿದ್ದರೆ, ಜೀವಮಾನವೆಲ್ಲ ದುಡಿದು ಮನೆ ಕಟ್ಟಿದ ಶಿಕ್ಷಕನಾಗಲಿ ಅಂಗಡಿಯಿಟ್ಟ ವರ್ತಕನಾಗಲಿ ಭಯಪಡಬೇಕಾದ್ದಿಲ್ಲ. ಕೃಷಿಭೂಮಿಯು ಸಂವಿಧಾನದಂತೆ ರಾಜ್ಯಗಳ ವಿಷಯವಾದುದರಿಂದ ಅದು ಇದರ ಹೊರಗಿರುವುದು. ಎರಡನೆಯದಾಗಿ, ದರವು ಮಿತವಾಗಿರಬೇಕು. ಶೇಕಡ 10ರಿಂದ ಆರಂಭವಾಗಿ ಅತ್ಯುಚ್ಚ ಹಂತದಲ್ಲಿ 30ನ್ನು ಮೀರದಿರಲಿ. ಶೇಕಡ 85ರ ದರದ ಪಾಠವನ್ನು ನಾವು ಮರೆಯಬಾರದು. ಮೂರನೆಯದಾಗಿ, ಉದ್ಯಮಗಳ ವಾರಸುದಾರರಿಗೆ ಹತ್ತು ವರ್ಷಗಳ ಕಂತಿನ ಸೌಕರ್ಯವಿರಲಿ. ನಾಲ್ಕನೆಯದಾಗಿ, ಸಾಯುವ ಮುನ್ನ ಕುಟುಂಬದವರಿಗೆ ಕೊಟ್ಟ ದೊಡ್ಡ ಉಡುಗೊರೆಗಳೂ ಖಾಸಗಿ ಟ್ರಸ್ಟ್‌ಗಳಿಗೆ ವರ್ಗಾಯಿಸಿದ ಆಸ್ತಿಗಳೂ ಲೆಕ್ಕಕ್ಕೆ ಸೇರಲಿ; ಈ ಬಾಗಿಲನ್ನು ತೆರೆದಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಐದನೆಯದಾಗಿ, ಬಂದ ಹಣವು ಪೂರ್ತಿಯಾಗಿ ರಾಜ್ಯಗಳಿಗೆ ಹಂಚಿಕೆಯಾಗಿ, ಸರ್ಕಾರಿ ಶಾಲೆಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ವಿನಿಯೋಗವಾಗಲಿ, ಅದರ ಲೆಕ್ಕವು ವರ್ಷವರ್ಷವೂ ಶಾಸನಸಭೆಯ ಮುಂದೆ ಬರಲಿ; ಸರ್ಕಾರವು ಹಣವನ್ನು ಪೋಲುಮಾಡುವುದೆಂಬ ಸಂದೇಹಕ್ಕೆ ಇದೇ ತಕ್ಕ ಉತ್ತರ. ಇದಕ್ಕಾಗಿ ಸಂವಿಧಾನವನ್ನು ತಿದ್ದಿ ಕೇಂದ್ರಕ್ಕೆ ಹೊಸ ಅಧಿಕಾರವನ್ನು ಕೊಡಬೇಕಾದ ಅಗತ್ಯವಿಲ್ಲ. ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ ಎಸ್ಟೇಟ್ ಸುಂಕದ ಬಾಬು ಇಂದಿಗೂ ಹಾಗೆಯೇ ಇದೆ.

ಇಲ್ಲದಿರುವುದು ಧೈರ್ಯ. 2024ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಈ ತೆರಿಗೆಯ ಹೆಸರು ಒಮ್ಮೆ ಕೇಳಿಬಂದಾಗ ಒಂದು ಪಕ್ಷವು ಅದನ್ನು ಗುಮ್ಮನನ್ನಾಗಿ ಮಾಡಿ ಸಾಮಾನ್ಯ ಗೃಹಸ್ಥರನ್ನು ಹೆದರಿಸಿತು. ಇನ್ನೊಂದು ಪಕ್ಷವು ತನಗೂ ಅದಕ್ಕೂ ಸಂಬಂಧವಿಲ್ಲವೆಂದು ದೂರ ಸರಿಯಿತು. ಈ ತೆರಿಗೆಯು ಯಾರನ್ನು ಮುಟ್ಟುವುದು, ಯಾರನ್ನು ಮುಟ್ಟದೆಂದು ವಿವರಿಸಿ ಹೇಳುವ ಶ್ರಮವನ್ನು ಯಾರೂ ವಹಿಸಲಿಲ್ಲ. ತೆರಿಗೆಯಲ್ಲಿ ಕರ್ನಾಟಕಕ್ಕೆ ನ್ಯಾಯವಾದ ಪಾಲನ್ನು ಕೇಳುವ ನಮ್ಮ ಸಂಸದರು, ಪಕ್ಷಭೇದವಿಲ್ಲದೆ, ಆ ಕೇಳಿಕೆಯೊಡನೆ ಇದನ್ನೂ ಸೇರಿಸಿ ಸಂಸತ್ತಿನಲ್ಲಿ ಎತ್ತಬೇಕು. ಮತ ಕೇಳಲು ಬರುವ ಅಭ್ಯರ್ಥಿಯನ್ನು ಮತದಾರರೂ ನೇರವಾಗಿ ಪ್ರಶ್ನಿಸಬೇಕು: ನಮ್ಮ ಮಕ್ಕಳ ಶಾಲೆಯನ್ನು ಕೂಲಿಯವನ ಕುಡಿತದ ಹಣದಿಂದ ನಡೆಸುವಿರೋ, ಕೋಟ್ಯಧೀಶನ ವಾರಸುದಾರನು ತೆರಬೇಕಾದ ತೆರಿಗೆಯಿಂದ ನಡೆಸುವಿರೋ? ಗಾಂಧಿಯವರು ಎತ್ತಿದ ಈ ಪ್ರಶ್ನೆಗೆ ಸ್ವತಂತ್ರ ಭಾರತವು 1953ರಲ್ಲಿ ಕೊಟ್ಟ ಉತ್ತರವು ಸರಿಯಾದುದೇ ಆಗಿತ್ತು. ಅದನ್ನು ಇನ್ನಷ್ಟು ವಿವೇಕದಿಂದ ಮತ್ತೆ ಕೊಡುವ ಹೊಣೆ ನಮ್ಮದು.